ಎರರ್ ಇಲ್ಲ, ಗ್ರಾಫೂ ಇಲ್ಲ: ಆರ್ ಬರೆದ ಚಿತ್ರ ಎಲ್ಲಿ ಹೋಯ್ತು?

ಪ್ರಶ್ನೆ: ಸರ್, ನಾನು ಸೇಡಂ ಕಡೆಯವಳು, ಕಲಬುರಗಿಯಲ್ಲಿ ಎಂಎಸ್ಸಿ ಮಾಡ್ತಿದ್ದೇನೆ. ಪ್ರಾಜೆಕ್ಟಿಗೆ ತಾಲ್ಲೂಕುವಾರು ತೊಗರಿ ಇಳುವರಿಯ ಗ್ರಾಫ್ ಬೇಕು, ಅದನ್ನು ಆರ್ (R) ಎಂಬ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡ್ತಿದ್ದೇನೆ. ನಿನ್ನೆವರೆಗೂ ಸರಿ ಇತ್ತು. ಇವತ್ತು ಕೋಡ್ ಓಡುತ್ತದೆ, ಎರರ್ ಏನೂ ಇಲ್ಲ, ಆದರೆ ಗ್ರಾಫ್ ಬರೋದೇ ಇಲ್ಲ. ಗ್ರಾಫ್ ಬರೆಯುವ ಜಿಜಿಪ್ಲಾಟ್2 (ggplot2) ಪ್ಯಾಕೇಜನ್ನು ಮೂರು ಸಲ ತೆಗೆದು ಮತ್ತೆ ಹಾಕಿದೆ. ಆರ್ ಅನ್ನೇ ತೆಗೆದು ಹೊಸದಾಗಿ ಹಾಕಬೇಕಾ?

ಬ್ಯಾಡ್ರಿ ತಂಗಿ, ಆರ್‌ಗೆ ಕೈ ಹಚ್ಚಬೇಡಿ. ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ಕೊನೆಯ ಸಾಲು ಇದೇ: ತೆಗೆದು ಮತ್ತೆ ಹಾಕಲಾ? ಪ್ಯಾಕೇಜ್ ಕೆಟ್ಟಿದ್ದರೆ ಆರ್ ಸುಮ್ನೆ ಕೂರುವುದಿಲ್ಲ, ಕೆಂಪಕ್ಷರದಲ್ಲಿ ಕೂಗಾಡುತ್ತದೆ. ಏನೂ ಮಾತಾಡದೆ ಕೂತಿದೆ ಅಂದರೆ ಎರಡರಲ್ಲಿ ಒಂದು. ಚಿತ್ರವನ್ನು ನಿಮಗೆ ಕಾಣದ ಕಡೆ ಬರೆದಿದೆ, ಇಲ್ಲವೇ ಬರೆಯಿರಿ ಅಂತ ನೀವು ಹೇಳೇ ಇಲ್ಲ.

ಮೊದಲನೆಯದು ನನಗೇ ಆಗಿದ್ದು, ಅದನ್ನೇ ಹೇಳ್ತೀನಿ. ಕಲಬುರಗಿ ಜಿಲ್ಲೆಯ 11 ತಾಲ್ಲೂಕಿನ ಮಳೆ ಲೆಕ್ಕಕ್ಕೆ ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಬರೆದಿದ್ದೆ. ಪ್ರತಿ ತಾಲ್ಲೂಕಿಗೂ ಒಂದು ಪಿಎನ್‌ಜಿ ಫೈಲ್ ತೆರೆಯೋದು, ಚಿತ್ರ ಬರೆಯೋದು, ಡೆವ್.ಆಫ್() ಕೊಟ್ಟು ಮುಚ್ಚೋದು. ಚಿಂಚೋಳಿಗೆ ಬಂದಾಗ ಲೂಪ್ ಎರರ್ ಕೊಟ್ಟು ನಿಂತಿತು. ನೋಡಿದರೆ ಯಾರೋ ಮಳೆಯ ಕಾಲಂನಲ್ಲಿ ಸೊನ್ನೆ ಹಾಕುವ ಬದಲು ‘ಇಲ್ಲ’ ಅಂತ ಬರೆದಿದ್ದರು. ಅದನ್ನು ಸರಿ ಮಾಡಿ, ಚಿಂಚೋಳಿಯ ಚಿತ್ರ ಒಂದನ್ನೇ ಬರೆದು ನೋಡೋಣ ಅಂದುಕೊಂಡರೆ, ಕಿಟಕಿ ಖಾಲಿ. ಮತ್ತೆ ಓಡಿಸಿದೆ, ಖಾಲಿ. ಫೋಲ್ಡರಿನಲ್ಲಿ ಚಿಂಚೋಳಿ ಹೆಸರಿನ ಫೈಲ್ ಇತ್ತು, ಒತ್ತಿದರೆ ತೆರೆಯಲಿಲ್ಲ. ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯ್ತು, ಎರಡು ಸಲ ಚಹಾ ತಣ್ಣಗಾಯ್ತು.

ಆಗಿದ್ದು ಇಷ್ಟೇ. ಆರ್ ಚಿತ್ರ ಬರೆಯೋದು ‘ಡಿವೈಸ್’ ಮೇಲೆ. ಆರ್‌ಸ್ಟುಡಿಯೋದ (ಆರ್ ಬಳಸಲು ನೆರವಾಗುವ ತಂತ್ರಾಂಶ) ಬಲಗಡೆ ಕೆಳಗಿರುವ ಪ್ಲಾಟ್ಸ್ ಕಿಟಕಿ ಒಂದು ಡಿವೈಸ್, ಪಿಎನ್‌ಜಿ ಫೈಲ್ ಇನ್ನೊಂದು, ಪಿಡಿಎಫ್ ಮತ್ತೊಂದು. ಎಷ್ಟು ತೆರೆದಿಟ್ಟರೂ ಒಂದು ಹೊತ್ತಿಗೆ ಬರೆಯೋದು ಒಂದರ ಮೇಲೆ ಮಾತ್ರ, ಸಾಮಾನ್ಯವಾಗಿ ಕೊನೆಗೆ ತೆರೆದದ್ದರ ಮೇಲೆ. ನನ್ನ ಲೂಪ್ ಮಧ್ಯದಲ್ಲೇ ನಿಂತಿದ್ದರಿಂದ ಫೈಲ್ ಮುಚ್ಚುವ ಸಾಲಿಗೆ ಅದು ಮುಟ್ಟಲೇ ಇಲ್ಲ. ಆಮೇಲೆ ನಾನು ಬರೆಸಿದ್ದೆಲ್ಲ ಆ ಮುಚ್ಚದ ಫೈಲಿಗೇ ಹೋಗುತ್ತಿತ್ತು.

ನೀವು ಮೊದಲು ಡೆವ್.ಲಿಸ್ಟ್() ಓಡಿಸಿ. (ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ, ಎಲ್ಲಾ ಚಿಕ್ಕಕ್ಷರ.) ಪಟ್ಟಿಯಲ್ಲಿ ಪಿಎನ್‌ಜಿ ಅಂತಲೋ ಪಿಡಿಎಫ್ ಅಂತಲೋ ಕಂಡರೆ ಕಳ್ಳ ಸಿಕ್ಕ. ಡೆವ್.ಆಫ್() ಕೊಡುತ್ತಾ ಹೋಗಿ. ಡಿವೈಸ್ 1 ಅನ್ನು ಮುಚ್ಚಲು ಆಗಲ್ಲ ಅಂತ ಆರ್ ಎರರ್ ಕೊಡುತ್ತದಲ್ಲ, ಅದು ಬಂದರೆ ಖುಷಿಪಡಿ, ತೆರೆದಿದ್ದೆಲ್ಲ ಮುಚ್ಚಿದೆ ಅಂತ ಅರ್ಥ. ಒಂದೇ ಏಟಿಗೆ ಮುಗಿಸಬೇಕಾದರೆ ಗ್ರಾಫಿಕ್ಸ್.ಆಫ್() ಇದೆ. ಪ್ಲಾಟ್ಸ್ ಕಿಟಕಿಯಲ್ಲಿದ್ದ ಹಳೆಯ ಚಿತ್ರಗಳೂ ಹೋಗುತ್ತವೆ, ಬೇಕಾದದ್ದನ್ನು ಮೊದಲೇ ಉಳಿಸಿಕೊಳ್ಳಿ.

ಪಟ್ಟಿಯಲ್ಲಿ ಅಂಥದ್ದೇನೂ ಇಲ್ಲವಾ? ಹಾಗಾದರೆ ಎರಡನೆಯದು. ನಿನ್ನೆ ಗ್ರಾಫ್ ಬರೆಯುವ ಸಾಲನ್ನು ಹಾಗೇ ಓಡಿಸಿ, ಇವತ್ತು ಅದನ್ನು ಫಾರ್ ಲೂಪ್ ಒಳಗೋ ಫಂಕ್ಷನ್ ಒಳಗೋ ಇಟ್ಟಿದ್ದೀರಾ? ಅಥವಾ ಇಡೀ ಫೈಲನ್ನು ಸೋರ್ಸ್ ಬಟನ್ ಒತ್ತಿ ಓಡಿಸಿದಿರಾ? ಜಿಜಿಪ್ಲಾಟ್ ಚಿತ್ರ ಒಂದು ವಸ್ತು ಇದ್ದ ಹಾಗೆ. ಕನ್ಸೋಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಜಾಗ) ಅದರ ಹೆಸರು ಬಂದರೆ ಆರ್ ತಾನೇ ಪ್ರಿಂಟ್ ಮಾಡುತ್ತದೆ, ಲೂಪಿನ ಒಳಗೆ ಮಾಡುವುದಿಲ್ಲ. ಚಿತ್ರಕ್ಕೆ ಒಂದು ಹೆಸರು ಕೊಟ್ಟು, ಪ್ರಿಂಟ್() ಒಳಗೆ ಹಾಕಿ. ಅಷ್ಟೇ, ಬಂದುಬಿಡುತ್ತದೆ. ನನ್ನ ಅಂದಾಜಿನಲ್ಲಿ ನಿಮ್ಮದು ಇದೇ. ‘ತಾಲ್ಲೂಕುವಾರು’ ಅಂದಿರಲ್ಲ, ಲೂಪ್ ವಾಸನೆ ಹೊಡೀತಿದೆ.

ಬೂದು ಬಣ್ಣದ ಖಾಲಿ ಚೌಕ ಮಾತ್ರ ಬಂದರೆ ಕೋಡಿನ ಸಾಲುಗಳನ್ನು ಜೋಡಿಸುವ ಪ್ಲಸ್ ಚಿಹ್ನೆ ನೋಡಿ. ಅದು ಸಾಲಿನ ಕೊನೆಯಲ್ಲಿರಬೇಕು, ಮುಂದಿನ ಸಾಲಿನ ಮೊದಲಲ್ಲಿ ಅಲ್ಲ. ಮಾರ್ಜಿನ್ ಜಾಸ್ತಿಯಾಯ್ತು ಅಂತ ಎರರ್ ಬಂದರೆ ಪ್ಲಾಟ್ಸ್ ಕಿಟಕಿಯನ್ನು ಮೌಸಿನಿಂದ ಎಳೆದು ದೊಡ್ಡದು ಮಾಡಿ. ಸಣ್ಣ ಲ್ಯಾಪ್‌ಟಾಪಿನಲ್ಲಿ ಆ ಕಿಟಕಿ ಬೆರಳಗಲ ಇರುತ್ತದೆ, ಪಾಪ ಅದು ಚಿತ್ರ ಎಲ್ಲಿ ಹಿಡಿಸಬೇಕು.

ಈಗ ಪ್ಯಾಕೇಜ್ ವಿಷಯ. ಮೊದಲು ಅದು ಕೆಟ್ಟಿರಲಿಲ್ಲ, ಆದರೆ ಮೂರು ಸಲ ಕಿತ್ತು ಹಾಕಿದ್ದೀರಿ ಅಂದಮೇಲೆ ಈಗ ನಿಜವಾಗಿಯೂ ಕೆಟ್ಟಿರಬಹುದು!

ಇನ್‌ಸ್ಟಾಲ್.ಪ್ಯಾಕೇಜಸ್() ಅಂದ್ರೆ ಸಂತೆಯಿಂದ ಜೋಳ ತಂದು ಮನೆಯಲ್ಲಿಡೋದು. ಲೈಬ್ರರಿ() ಅಂದ್ರೆ ಇವತ್ತಿನ ರೊಟ್ಟಿಗೆ ಹಿಟ್ಟು ಹೊರಗೆ ತೆಗೆಯೋದು. ದಿನಾ ತೆಗೀಬೇಕು, ದಿನಾ ಸಂತೆಗೆ ಹೋಗಬೇಕಿಲ್ಲ. ಜಿಜಿಪ್ಲಾಟ್ ಎಂಬ ಫಂಕ್ಷನ್ ಸಿಗುತ್ತಿಲ್ಲ ಅಂತ ಬಂದರೆ ಲೈಬ್ರರಿ ಸಾಲು ಮರೆತಿದ್ದೀರಿ. ಆ ಹೆಸರಿನ ಪ್ಯಾಕೇಜೇ ಇಲ್ಲ ಅಂತ ಬಂದರೆ ಮಾತ್ರ ಇನ್‌ಸ್ಟಾಲ್ ಮಾಡಿ, ಹೆಸರಿನ ಕೊನೆಯ 2 ಬಿಡಬೇಡಿ. ಇಂಥ ಆವೃತ್ತಿಯ ಆರ್‌ನಲ್ಲಿ ಕಟ್ಟಿದ್ದು ಅಂತ ಬರುವುದು ಬರೀ ವಾರ್ನಿಂಗ್. ಅದು ಕೆಂಪಗಿರುತ್ತದೆ ಅಂತ ಗಾಬರಿ ಆಗ್ತಾರೆ. ಕೆಲಸ ನಡೀತಿದ್ದರೆ ಬಿಟ್ಟುಬಿಡಿ.

ತೆಗೆದು ಹಾಕುವಾಗ ಪ್ಯಾಕೇಜ್ ಬಳಕೆಯಲ್ಲಿತ್ತಾ? ವಿಂಡೋಸ್‌ನಲ್ಲಿ ಎಡವಟ್ಟಾಗೋದು ಅಲ್ಲೇ. ಆರ್ ಅದರ ಫೈಲನ್ನು ಹಿಡಿದುಕೊಂಡಿರುತ್ತದೆ, ಹೊಸದು ಅದರ ಮೇಲೆ ಕೂರಲು ಆಗುವುದಿಲ್ಲ, ಅರ್ಧ ಹಳೆಯದು ಅರ್ಧ ಹೊಸದು ಆಗಿ ಕೂತಿರುತ್ತದೆ. ಕಂಟ್ರೋಲ್, ಶಿಫ್ಟ್, ಎಫ್10 ಒಟ್ಟಿಗೆ ಒತ್ತಿದರೆ ಆರ್‌ಸ್ಟುಡಿಯೋ ಹೊಸ ಸೆಷನ್ ಶುರು ಮಾಡುತ್ತದೆ. ಯಾವ ಲೈಬ್ರರಿ ಸಾಲನ್ನೂ ಓಡಿಸದೆ ಮೊದಲು ಇನ್‌ಸ್ಟಾಲ್ ಮಾಡಿ.

ಇನ್‌ಸ್ಟಾಲ್ ಮಧ್ಯದಲ್ಲಿ ಕರೆಂಟ್ ಹೋಗಿದ್ದರೆ ಇನ್ನೊಂದು ತೊಂದರೆ. ಡೈರೆಕ್ಟರಿಗೆ ಬೀಗ ಹಾಕಲು ಆಗಲಿಲ್ಲ ಅಂತ ಎರರ್ ಬರುತ್ತದೆ, ಜೊತೆಗೆ ‘00ಲಾಕ್’ ಅಂತ ಶುರುವಾಗುವ ಫೋಲ್ಡರಿನ ದಾರಿ ತೋರಿಸುತ್ತದೆ. ಆ ಒಂದು ಫೋಲ್ಡರ್ ಅಳಿಸಿ ಸಾಕು, ಅಕ್ಕಪಕ್ಕದ್ದು ಮುಟ್ಟಬೇಡಿ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಇಳಿಸುವವರಿಗೆ ಇನ್ನೂ ಒಂದು ಮಾತು: ಡೌನ್‌ಲೋಡಿಗೆ ಆರ್ ಸುಮ್ನೆ ಬಿಟ್ಟರೆ 60 ಸೆಕೆಂಡ್ ಮಾತ್ರ ಕಾಯುತ್ತದೆ. ನೆಟ್ ನಿಧಾನ ಇರುವ ಊರಲ್ಲಿ ಅದು ಎಲ್ಲಿ ಸಾಲುತ್ತೆ? ಆಪ್ಷನ್ಸ್() ಒಳಗೆ ಟೈಮ್‌ಔಟ್ ಅನ್ನು 600 ಮಾಡಿಕೊಳ್ಳಿ. ಹಾಗೇ, ಸೋರ್ಸ್‌ನಿಂದ (ಮೂಲ ಕೋಡಿನಿಂದ) ಪ್ಯಾಕೇಜ್ ಕಟ್ಟಿ ಹಾಕಲಾ ಅಂತ ಆರ್ ಕೇಳಿದರೆ ವಿಂಡೋಸ್‌ನವರು ಇಲ್ಲ ಅನ್ನಿ. ಹೌದು ಅಂದರೆ ಅದಕ್ಕೆ ಆರ್‌ಟೂಲ್ಸ್ ಎಂಬ ಬೇರೆ ಸಾಧನ ಬೇಕಾಗುತ್ತದೆ, ನಿಮಗೆ ಈಗ ಅದು ಬೇಡದ ಉಸಾಬರಿ.

ಆರ್ ಅನ್ನೇ ತೆಗೆದು ಹೊಸ ಆವೃತ್ತಿ ಹಾಕಿದ್ದರೆ ಏನಾಗುತ್ತಿತ್ತು ಗೊತ್ತಾ? 4.2ರಿಂದ 4.3ಕ್ಕೆ ಹೋದಂತೆ ನಡುವಿನ ಅಂಕಿ ಬದಲಾದರೆ ಪ್ಯಾಕೇಜಿನ ಫೋಲ್ಡರೇ ಬೇರೆ. ಹಳೆಯ ಪ್ಯಾಕೇಜ್ ಒಂದೂ ಕಾಣುವುದಿಲ್ಲ, ಎಲ್ಲವನ್ನೂ ಮತ್ತೆ ಇಳಿಸಬೇಕು. ವೈವಾ ಹತ್ತಿರ ಇದ್ದಾಗ ಇದು ಬೇಕಾ?

ನೀವು ಕೇಳಿಲ್ಲ, ಆದರೂ ಮುಂದಿನ ಪ್ರಶ್ನೆ ಇದೇ ಆಗಿರುತ್ತದೆ: ತಾಲ್ಲೂಕಿನ ಹೆಸರು ಕನ್ನಡದಲ್ಲಿ ಹಾಕಿದರೆ ಬರೀ ಡಬ್ಬಿ ಡಬ್ಬಿ ಬರುತ್ತದೆ. ಅಥವಾ ಅಕ್ಷರ ಬಂದರೂ ಒಡೆದು ಬರುತ್ತದೆ. ಇದಕ್ಕೆ ನಾನು ಪರೀಕ್ಷೆ ಮಾಡೋದು ಎರಡೇ ಹೆಸರಿನಿಂದ, ಜೇವರ್ಗಿ ಮತ್ತು ಚಿತ್ತಾಪುರ. ಜೇವರ್ಗಿಯ ಅರ್ಕಾವತ್ತು, ಚಿತ್ತಾಪುರದ ತ ಒತ್ತು ಎರಡೂ ತಮ್ಮ ಜಾಗದಲ್ಲಿ ಕೂತರೆ ಉಳಿದ ಒಂಬತ್ತೂ ಸರಿ ಬರುತ್ತವೆ. ಕೂರಬೇಕಾದರೆ ‘ರ್‍ಯಾಗ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ, ಸ್ಪೆಲಿಂಗ್ ಆರ್, ಎ, ಆಮೇಲೆ ಎರಡು ಜಿ. ಆಮೇಲೆ ಆರ್‌ಸ್ಟುಡಿಯೋದ ಗ್ಲೋಬಲ್ ಆಪ್ಷನ್ಸ್‌ಗೆ ಹೋಗಿ, ಜನರಲ್ ವಿಭಾಗದ ಗ್ರಾಫಿಕ್ಸ್ ಪುಟದಲ್ಲಿ ಬ್ಯಾಕೆಂಡ್ (ಚಿತ್ರ ಬರೆಯುವ ಎಂಜಿನ್) ಅನ್ನು ಎಜಿಜಿ (AGG) ಮಾಡಿ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಆದರೆ ಚಂದ, ವಿಂಡೋಸ್‌ನ ನಿರ್ಮಲಾ ಕೂಡ ನಡೆಯುತ್ತದೆ. ಜಿಜಿಸೇವ್() ಕೊಟ್ಟು ಪಿಎನ್‌ಜಿ ಮಾಡುವಾಗ ರ್‍ಯಾಗ್ ಇದ್ದರೆ ಜಿಜಿಸೇವ್ ತಾನೇ ಅದನ್ನು ಬಳಸಿಕೊಳ್ಳುತ್ತದೆ.

ಮಾಮೂಲಿ ಪಿಡಿಎಫ್() ಕಮಾಂಡಿಗೆ ಮಾತ್ರ ಕನ್ನಡ ಬರಲ್ಲ. ಗೈಡ್ ಪಿಡಿಎಫ್ಫೇ ಬೇಕು ಅಂತ ಹಟ ಹಿಡಿದರೆ ಕೈರೋ_ಪಿಡಿಎಫ್() ಬಳಸಿ ನೋಡಿ. ಮುಗಿದ ಮೇಲೆ ಡೆವ್.ಆಫ್() ಮರೀಬೇಡ್ರಿ, ಮತ್ತೆ ಇದೇ ಪ್ರಶ್ನೆ ಕಳಿಸ್ತೀರಿ.