ಒಂದು ಸರ್ವರ್ ಏದುಸಿರು ಬಿಡುತ್ತಿದೆ, ಪಕ್ಕದ್ದು ಖಾಲಿ ಕೂತಿದೆ: ಏಕೆ?

ಪ್ರಶ್ನೆ: ಮೂರು ವೆಬ್ ಸರ್ವರ್‌ಗಳ ಮುಂದೆ ಎಚ್‌ಎಪ್ರಾಕ್ಸಿ (ಬರುವ ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ತಂತ್ರಾಂಶ) ಇಟ್ಟು ರೌಂಡ್ ರಾಬಿನ್ (ಸರದಿ ಪ್ರಕಾರ ಹಂಚಿಕೆ) ಹಾಕಿದ್ದೇವೆ. ಆದರೂ ಒಂದರ ಸಿಪಿಯು ಆಗಾಗ 100% ಮುಟ್ಟುತ್ತದೆ, ಉಳಿದೆರಡು ಸುಮ್ಮನಿರುತ್ತವೆ. ಹೊರೆ ನೋಡಿಕೊಂಡು ಹಂಚುವಂತೆ ಮಾಡುವುದು ಹೇಗೆ?

ಉತ್ತರ: ರೌಂಡ್ ರಾಬಿನ್ ನೋಡುವುದು ಸರದಿಯನ್ನು, ಕೆಲಸದ ಭಾರವನ್ನಲ್ಲ. ಲಾಗಿನ್ ಪುಟಕ್ಕೂ ಇಡೀ ವರ್ಷದ ವರದಿಯ ಪಿಡಿಎಫ್‌ಗೂ ಅದರ ಲೆಕ್ಕದಲ್ಲಿ ಒಂದೇ ಬೆಲೆ. ನಾಲ್ಕು ಪಿಡಿಎಫ್ ಒಂದೇ ಸರ್ವರಿನ ಪಾಲಿಗೆ ಬಂದರೂ ಅದರ ಸರದಿ ತಪ್ಪುವುದಿಲ್ಲ.

ಎಚ್‌ಎಪ್ರಾಕ್ಸಿಯ ಸೆಟ್ಟಿಂಗ್ ಕಡತದಲ್ಲಿ, ಸರ್ವರ್‌ಗಳ ಪಟ್ಟಿಯಿರುವ ಬ್ಯಾಕೆಂಡ್ ಭಾಗದಲ್ಲಿ ‘ಬ್ಯಾಲೆನ್ಸ್ ಲೀಸ್ಟ್‌ಕಾನ್’ ಹಾಕಿ. ಆಗ ಚಾಲ್ತಿ ಸಂಪರ್ಕ ಎಲ್ಲಿ ಕಡಿಮೆಯೋ ಅಲ್ಲಿಗೆ ಹೊಸ ವಿನಂತಿ ಹೋಗುತ್ತದೆ. ಪ್ರತಿ ಸರ್ವರ್ ಸಾಲಿಗೂ ‘ವೇಟ್ 100’ (ಆ ಸರ್ವರಿನ ಪಾಲಿನ ತೂಕ) ಮತ್ತು ‘ಚೆಕ್ ಇಂಟರ್ 2ಎಸ್ ಫಾಲ್ 3 ರೈಸ್ 2’ ಸೇರಿಸಿ: 2 ಸೆಕೆಂಡಿಗೊಮ್ಮೆ ತಪಾಸಣೆ, ಸತತ 3 ಸಲ ತಪ್ಪಿದರೆ ಹೊರಗೆ, 2 ಸಲ ಸರಿಯಾದರೆ ಮತ್ತೆ ಒಳಗೆ. ಹಾಗೆ ಮರಳಿದ ಸರ್ವರಿನಲ್ಲಿ ಸಂಪರ್ಕ ಸೊನ್ನೆ ಇರುವುದರಿಂದ ಹೊಸ ವಿನಂತಿಗಳೆಲ್ಲ ಅದರ ಮೇಲೇ ಮುಗಿಬೀಳುತ್ತವೆ. ‘ಸ್ಲೋಸ್ಟಾರ್ಟ್ 60ಎಸ್’ ಇದ್ದರೆ ಒಂದು ನಿಮಿಷದಲ್ಲಿ ನಿಧಾನವಾಗಿ ಪೂರ್ತಿ ಪಾಲಿಗೆ ಏರುತ್ತದೆ.

ಲೀಸ್ಟ್‌ಕಾನ್‌ನ ದೊಡ್ಡ ಅಪಾಯ ಬೇರೆಯೇ ಇದೆ. ಕೆಟ್ಟ ಸರ್ವರ್ ಪ್ರತಿ ವಿನಂತಿಗೂ 5 ಮಿಲಿಸೆಕೆಂಡಿನಲ್ಲೇ 500 ದೋಷ (ಸರ್ವರ್ ಒಳಗೇ ಏನೋ ಕೆಟ್ಟಿದೆ ಎಂಬ ಸಂಕೇತ) ಕೊಟ್ಟು ಕೈತೊಳೆದುಕೊಳ್ಳುತ್ತದೆ ಎಂದುಕೊಳ್ಳಿ. ಅದರಲ್ಲಿ ಸಂಪರ್ಕ ಸದಾ ಕಡಿಮೆ, ಹಾಗಾಗಿ ಎಲ್ಲರಿಗಿಂತ ಹೆಚ್ಚು ವಿನಂತಿ ಅದಕ್ಕೇ! ತಪಾಸಣೆಯ ಪುಟ ಮಾತ್ರ ಸರಿಯಾಗಿ 200 (ಎಲ್ಲ ಸರಿಯಿದೆ) ಹೇಳುತ್ತಿದ್ದರೆ ಯಾರ ಗಮನಕ್ಕೂ ಬಾರದು. ‘ಅಬ್ಸರ್ವ್ ಲೇಯರ್7 ಎರರ್-ಲಿಮಿಟ್ 20 ಆನ್-ಎರರ್ ಮಾರ್ಕ್-ಡೌನ್’ ಎಂದು ಬರೆಯಿರಿ. ನಿಜವಾದ ವಿನಂತಿಗಳಲ್ಲೇ ಸತತ 20 ದೋಷ ಕಂಡರೆ ಆ ಸರ್ವರ್ ಹೊರಬೀಳುತ್ತದೆ.

ಸಂಪರ್ಕದ ಎಣಿಕೆಗೆ ಸಿಪಿಯು ಕಾಣದು. ಅದಕ್ಕೆ ‘ಏಜೆಂಟ್-ಚೆಕ್ ಏಜೆಂಟ್-ಪೋರ್ಟ್ 9999 ಏಜೆಂಟ್-ಇಂಟರ್ 5ಎಸ್’ ಇದೆ. ಪ್ರತಿ ಸರ್ವರಿನಲ್ಲೂ ಆ ಪೋರ್ಟಿನಲ್ಲಿ ಪುಟ್ಟ ಸ್ಕ್ರಿಪ್ಟ್ ಕೂರಿಸಿ. ಸಿಪಿಯು 60% ಖಾಲಿಯಿದ್ದರೆ ಅದು ‘60%’ ಎಂದು ಹೇಳಿ ಸಾಲು ಮುರಿಯಬೇಕು. ವೇಟ್ 100 ಇದ್ದದ್ದು 60 ಆಗುತ್ತದೆ. ಸಾಲು ಮುರಿಯುವ ಅಕ್ಷರ ಮರೆತರೆ ಉತ್ತರ ಲೆಕ್ಕಕ್ಕೇ ಬಾರದು. ಒಂದು ನಿಮಿಷದ ಸರಾಸರಿ ಕೊಡಿ. ಕ್ಷಣಕ್ಷಣದ ಅಂಕಿ ಕೊಟ್ಟರೆ ಹೊರೆ ಒಂದರಿಂದ ಇನ್ನೊಂದಕ್ಕೆ ಜೋಕಾಲಿಯಾಡುತ್ತದೆ. ಸ್ಕ್ರಿಪ್ಟ್ 10%ಗಿಂತ ಕಡಿಮೆ ಹೇಳದಂತೆ ನೋಡಿಕೊಳ್ಳಿ, ಏಕೆಂದರೆ 0% ಎಂದರೆ ಹೊಸ ಪಾಲು ಪೂರ್ತಿ ನಿಲ್ಲುತ್ತದೆ. ಅಂದಹಾಗೆ, ‘ಸ್ಟ್ಯಾಟಿಕ್-ಆರ್‌ಆರ್’ (ವೇಟ್ ಬದಲಾಗದ ರೌಂಡ್ ರಾಬಿನ್) ಇದ್ದಲ್ಲಿ ವೇಟ್ ಹೀಗೆ ಏರಿಳಿಸುವುದು ನಡೆಯದು.

ತಪಾಸಣೆಯ ಪುಟದಿಂದ ಡೇಟಾಬೇಸ್ ಮುಟ್ಟಬೇಡಿ. ಡೇಟಾಬೇಸ್ ಹತ್ತು ಸೆಕೆಂಡು ತಡವರಿಸಿದರೂ ಮೂರೂ ಸರ್ವರ್ ಒಟ್ಟಿಗೆ ಹೊರಬಿದ್ದು ಎಲ್ಲರಿಗೂ 503 (ಸೇವೆ ಸಿಗುತ್ತಿಲ್ಲ) ಕಾಣಿಸುತ್ತದೆ. ಸೆಷನ್‌ಗಳನ್ನು (ಯಾರು ಲಾಗಿನ್ ಆಗಿದ್ದಾರೆ ಎಂಬ ದಾಖಲೆ) ಮೂರೂ ಸರ್ವರ್‌ಗಳು ಓದಬಲ್ಲ ರೆಡಿಸ್‌ನಂಥ ಒಂದೇ ದತ್ತಾಂಶ ಸಂಗ್ರಹದಲ್ಲಿ ಇಡಿ, ಇಲ್ಲವಾದರೆ ಲಾಗಿನ್ ಆದವರು ಹೊರಬೀಳುತ್ತಾರೆ.

ಕೊನೆಗೆ ಪರೀಕ್ಷೆ. ಒಂದು ಸರ್ವರಿನ ಆ್ಯಪ್ ಪ್ರಕ್ರಿಯೆಗಳನ್ನು ಕೊಲ್ಲಬೇಡಿ, ‘ಸ್ಟಾಪ್’ ಸಿಗ್ನಲ್ ಕೊಟ್ಟು ಹಾಗೇ ಹೆಪ್ಪುಗಟ್ಟಿಸಿ. ಪೋರ್ಟ್ ಇನ್ನೂ ತೆರೆದಿರುತ್ತದೆ, ಉತ್ತರ ಮಾತ್ರ ಬರದು. ಸುಮಾರು 6ರಿಂದ 10 ಸೆಕೆಂಡಿನೊಳಗೆ ಅಂಕಿಅಂಶ ಪುಟದಲ್ಲಿ ಅದರ ಸಾಲು ಕೆಂಪಾಗಬೇಕು. ಹಸಿರಾಗಿಯೇ ಉಳಿದರೆ ಬ್ಯಾಕೆಂಡ್‌ನಲ್ಲಿ ‘ಆಪ್ಷನ್ ಎಚ್‌ಟಿಟಿಪಿಚೆಕ್’ (ತಪಾಸಣೆಯ ಪುಟವನ್ನೇ ಕೇಳಿ ಉತ್ತರ ನೋಡುವ ಸಾಲು) ಬಿಟ್ಟುಹೋಗಿದೆ, ನಿಮ್ಮ ತಪಾಸಣೆ ಬರೀ ಬಾಗಿಲು ತಟ್ಟಿ ಬರುತ್ತಿದೆ.