ನೋಟ್ಸ್‌ನಲ್ಲಿ ಬಣ್ಣ: ಎಲ್ಲಿ, ಎಷ್ಟು, ಯಾವಾಗ

ಪುಟದ ಮೇಲಿನ ಪ್ರತಿಯೊಂದು ಬಣ್ಣಕ್ಕೂ ಒಂದು ಕೆಲಸ ಇರಬೇಕು. ಕೆಳಗೆ ನಾನು ಬರೆದಿರುವುದೆಲ್ಲ ಈ ಒಂದು ಮಾತಿನಿಂದಲೇ ಹೊರಟದ್ದು. ಕೆಲಸ ಇಲ್ಲದ ಬಣ್ಣ ಪುಟವನ್ನು ಚೆಂದ ಮಾಡುತ್ತದೆ, ಅಷ್ಟೇ. ಓದಿದ್ದು ತಲೆಯಲ್ಲಿ ಉಳಿಯಲು ಅದರಿಂದ ಸಹಾಯ ಆಗುವುದಿಲ್ಲ.

ಹಾಗಾದರೆ ಬಣ್ಣ ಯಾವಾಗ ನೆರವಾಗುತ್ತದೆ? 1933ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞೆ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಒಂದು ವಿಷಯ ತೋರಿಸಿಕೊಟ್ಟರು. ಒಂದೇ ತರಹದ ಸಂಗತಿಗಳ ಪಟ್ಟಿಯಲ್ಲಿ ಒಂದು ಮಾತ್ರ ಬೇರೆ ತರಹ ಇದ್ದರೆ, ಆ ಒಂದು ಚೆನ್ನಾಗಿ ನೆನಪಿರುತ್ತದೆ. ಅದು ಉಳಿಯುವುದು ಉಳಿದವುಗಳಿಂದ ಬೇರೆಯಾಗಿ ಕಂಡದ್ದಕ್ಕೆ. ಇಪ್ಪತ್ತು ಸಾಲಿನ ಪುಟದಲ್ಲಿ ಎರಡು ಸಾಲು ಹಳದಿ ಇದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಹದಿನೈದು ಸಾಲು ಹಳದಿ ಇದ್ದರೆ? ಆಗ ಬಣ್ಣ ಹಚ್ಚದ ಐದು ಸಾಲೇ ಎದ್ದು ಕಾಣುತ್ತವೆ, ಅಲ್ವಾ?

ಇನ್ನೊಂದು ಮಾತೂ ಗೊತ್ತಿರಲಿ. 2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳ ಬಗ್ಗೆ ನಡೆದಿದ್ದ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದರು. ಹೈಲೈಟ್ ಮಾಡುವುದು, ಅಡಿಗೆರೆ ಎಳೆಯುವುದು ಕಡಿಮೆ ಉಪಯೋಗದ ಗುಂಪಿಗೆ ಸೇರಿದವು. ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ಹಲವು ದಿನಗಳಿಗೆ ಹಂಚಿಕೊಳ್ಳುವುದು ಹೆಚ್ಚು ಉಪಯೋಗದ ಗುಂಪಿಗೆ ಬಂದವು. ಇದನ್ನು ಕೇಳಿ ಹೈಲೈಟರ್ ಎಸೆಯಬೇಕಾಗಿಲ್ಲ. ಸುಮ್ನೆ ಓದುತ್ತಾ ಗೆರೆ ಎಳೆಯುವಾಗ ಕೈಗೆ ಮಾತ್ರ ಕೆಲಸ, ತಲೆಗೆ ಇಲ್ಲ. ಬಣ್ಣ ಹಾಕುವಾಗ ತಲೆಗೂ ಕೆಲಸ ಕೊಡುವುದು ಹೇಗೆ ಅಂತ ನೋಡೋಣ.

ಮೂರು ಬಣ್ಣ ಸಾಕು, ನಾಲ್ಕು ಜಾಸ್ತಿಯೇ. ಬರೆಯಲು ನೀಲಿ ಅಥವಾ ಕಪ್ಪು. ವ್ಯಾಖ್ಯೆ, ಸೂತ್ರಗಳಿಗೆ ಒಂದು ಬಣ್ಣ. ತಪ್ಪುವ ಜಾಗಕ್ಕೆ ಇನ್ನೊಂದು. ಯಾವ ಬಣ್ಣಕ್ಕೆ ಏನರ್ಥ ಅಂತ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, ಎಲ್ಲ ವಿಷಯಕ್ಕೂ ಅದನ್ನೇ ಪಾಲಿಸಿ. ಹೋದ ವಾರ ಹಸಿರು ಅಂದರೆ ಉದಾಹರಣೆ, ಈ ವಾರ ಹಸಿರು ಅಂದರೆ ಸೂತ್ರ ಅಂತಾದರೆ ಮತ್ತೆ ಓದುವಾಗ ಬಣ್ಣವೇ ಗೊಂದಲ ಹುಟ್ಟಿಸುತ್ತದೆ.

ಒಂದು ವಿನಾಯಿತಿ ಇದೆ. ಕೆಲವು ವಿಷಯಗಳಲ್ಲಿ ಬಣ್ಣಗಳು ಮೊದಲೇ ನಿಗದಿಯಾಗಿವೆ. ಭೂಪಟದಲ್ಲಿ ನೀರು ನೀಲಿ, ಕಾಡು ಹಸಿರು, ಎತ್ತರ ತೋರಿಸುವ ರೇಖೆಗಳು ಕಂದು. ಅಣುಗಳ ಮಾದರಿಯಲ್ಲಿ ಆಮ್ಲಜನಕ ಕೆಂಪು, ಸಾರಜನಕ ನೀಲಿ, ಇಂಗಾಲ ಕಪ್ಪು, ಜಲಜನಕ ಬಿಳಿ. ಅಲ್ಲಿ ನಿಮ್ಮದೇ ಪದ್ಧತಿ ಹೂಡಬೇಡಿ. ಪುಸ್ತಕದ ಚಿತ್ರ ಒಂದು ಹೇಳಿ ನಿಮ್ಮ ಚಿತ್ರ ಇನ್ನೊಂದು ಹೇಳಿದರೆ ನಷ್ಟ ನಿಮಗೇ.

ಹೃದಯದ ಚಿತ್ರವನ್ನೇ ತೆಗೆದುಕೊಳ್ಳಿ. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳ ಅಪಧಮನಿ, ಹೃದಯಕ್ಕೆ ವಾಪಸ್ ತರುವ ನಾಳ ಅಭಿಧಮನಿ. ತುಂಬಾ ಜನ 'ಅಪಧಮನಿ ಕೆಂಪು, ಅಭಿಧಮನಿ ನೀಲಿ' ಅಂತ ನೆನಪಿಟ್ಟುಕೊಳ್ಳುತ್ತಾರೆ. ದೇಹದ ಹೆಚ್ಚಿನ ಕಡೆ ಇದು ನಡೆಯುತ್ತದೆ. ಶ್ವಾಸಕೋಶದ ಹತ್ತಿರ ಬಂದಾಗ ಕೈಕೊಡುತ್ತದೆ. ಶ್ವಾಸಕೋಶದ ಅಪಧಮನಿ ಹೃದಯದಿಂದ ಹೊರಡುತ್ತದೆ, ಆದರೆ ಒಯ್ಯುವುದು ಆಮ್ಲಜನಕ ಕಡಿಮೆ ಇರುವ ರಕ್ತವನ್ನು. ಹಾಗಾಗಿ ಪುಸ್ತಕದಲ್ಲಿ ಅದು ನೀಲಿ. ಶ್ವಾಸಕೋಶದ ಅಭಿಧಮನಿ ಕೆಂಪು. ಅಂದರೆ ಈ ಚಿತ್ರದಲ್ಲಿ ಬಣ್ಣ ಹೇಳುವುದು ಆಮ್ಲಜನಕದ ಸಂಗತಿ. ರಕ್ತ ಹೃದಯದಿಂದ ಹೊರಗೆ ಹೋಗುತ್ತಿದೆಯೋ ಒಳಗೆ ಬರುತ್ತಿದೆಯೋ ಅನ್ನುವುದನ್ನು ಬಾಣದ ಗುರುತು ಹೇಳಲಿ. (ನಿಜವಾದ ರಕ್ತ ಎಲ್ಲೂ ನೀಲಿ ಇರುವುದಿಲ್ಲ. ಆಮ್ಲಜನಕ ಕಡಿಮೆಯಾದರೆ ಗಾಢ ಕೆಂಪಾಗುತ್ತದೆ.)

ಈಗ ಪುಸ್ತಕ ಮುಚ್ಚಿ. ಇಡೀ ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಬಲ ಹೃತ್ಕರ್ಣದಿಂದ (ಹೃದಯದ ಬಲಭಾಗದ ಮೇಲಿನ ಕೋಣೆಯಿಂದ) ಶುರು ಮಾಡಿ, ರಕ್ತ ಹೋಗುವ ದಾರಿಯಲ್ಲೇ ಬಣ್ಣ ತುಂಬುತ್ತಾ ಹೋಗಿ. ನೀಲಿ ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಗಬೇಕು? ಆ ಜಾಗದಲ್ಲಿ ಕೈ ತಡೆದರೆ, ಅರ್ಥವಾಗದೆ ಉಳಿದದ್ದು ಅಲ್ಲೇ ಇದೆ. ಉತ್ತರ ಶ್ವಾಸಕೋಶದ ಸಣ್ಣ ಸಣ್ಣ ರಕ್ತನಾಳಗಳಲ್ಲಿದೆ. ಬಣ್ಣ ಬದಲಿಸಬೇಕಾದ ಆ ಕ್ಷಣದಲ್ಲಿ ನೀವು ಪಾಠವನ್ನೇ ಯೋಚಿಸುತ್ತಿರುತ್ತೀರಿ.

ಗಣಿತದಲ್ಲಿ ಬಣ್ಣ ಇನ್ನೂ ಕಡಿಮೆ ಬೇಕು. ಸಮೀಕರಣದ ಎಡಗಡೆಯ −7 ಬಲಗಡೆಗೆ ಹೋಗಿ +7 ಆಗುತ್ತದೆ. ಆ ಎರಡು ಚಿಹ್ನೆಗಳಿಗೆ ಮಾತ್ರ ಕೆಂಪು ಹಾಕಿ, ಅಂಕಿಗಳಿಗೆ ಬೇಡ.

ಪಾಠ ಕೇಳುತ್ತಿರುವಾಗ ಒಂದೇ ಪೆನ್ ಹಿಡಿಯಿರಿ. ಪೆನ್ ಬದಲಿಸುವಷ್ಟರಲ್ಲಿ ಒಂದು ವಾಕ್ಯ ಹೋಗಿರುತ್ತದೆ. ಅಷ್ಟೇ ಅಲ್ಲ, ಇಡೀ ಪಾಠ ಕೇಳುವ ಮೊದಲು ಯಾವುದು ಮುಖ್ಯ ಅಂತ ಹೇಗೆ ಗೊತ್ತಾಗಬೇಕು? ಸಂಜೆ ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಆಮೇಲೆ ಪುಟ ತೆರೆದು, ನೆನಪಿಗೆ ಬಾರದ ಸಾಲಿನ ಪಕ್ಕ ಮಾತ್ರ ಕೆಂಪು ಗೆರೆ ಹಾಕಿ. ಒಂದೆರಡು ದಿನ ಬಿಟ್ಟು ಮೊದಲು ಆ ಕೆಂಪು ಸಾಲುಗಳನ್ನು ಕೇಳಿಕೊಳ್ಳಿ. ಸರಿ ಬಂದರೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಪರೀಕ್ಷೆಯ ಹಿಂದಿನ ದಿನ ಚುಕ್ಕೆ ಇಲ್ಲದ ಕೆಂಪು ಗೆರೆಗಳಿಂದಲೇ ಶುರು ಮಾಡಿ. ನನಗೆ ಬಣ್ಣದ ಎಲ್ಲ ಉಪಯೋಗಗಳಲ್ಲಿ ಇದೇ ಹೆಚ್ಚು ಬೆಲೆಯುಳ್ಳದ್ದು ಅನಿಸುತ್ತದೆ, ಯಾಕೆಂದರೆ ಇಲ್ಲಿ ಬಣ್ಣ ನಿಮ್ಮ ಮರೆವಿನ ಲೆಕ್ಕ ಇಡುತ್ತದೆ.

ಇನ್ನು ಪೆನ್ನು, ಶಾಯಿಯ ಸಂಗತಿ. ಹಳದಿ ಶಾಯಿಯಲ್ಲಿ ಅಕ್ಷರ ಬರೆಯಬೇಡಿ, ಬಿಳಿ ಹಾಳೆಯ ಮೇಲೆ ಓದಲು ಕಷ್ಟ. ಹಳದಿ ಹೈಲೈಟ್ ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ನೋಟ್ಸ್ ಹಂಚಿಕೊಳ್ಳುವುದಿದ್ದರೆ ಅಂಚಿನಲ್ಲಿ ಒಂದು ನಕ್ಷತ್ರವನ್ನೂ ಹಾಕಿ. ಜೆಲ್ ಪೆನ್ನಿನ ಶಾಯಿ ಒಣಗುವ ಮೊದಲು ಹೈಲೈಟರ್ ಎಳೆದರೆ ಅಕ್ಷರ ಹರಡುತ್ತದೆ. ಉಜ್ಜಿ ಅಳಿಸುವ ಪೆನ್ನುಗಳ ಶಾಯಿ ಮಾಯವಾಗುವುದು ಬಿಸಿಗೆ. ಅಂಥ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿದರೆ ಬರೆದದ್ದೂ ಹೋಗಬಹುದು.

ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದವರೂ ಇದ್ದಾರೆ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ. ಜೊತೆಯಾಗಿ ಓದುವ ಗುಂಪಿನಲ್ಲಿ ನೀಲಿ ಮತ್ತು ಕಿತ್ತಳೆ ಬಳಸುವುದು ಒಳ್ಳೆಯದು.

ಮೊಬೈಲ್, ಟ್ಯಾಬ್ಲೆಟ್‌ನಲ್ಲಿ ಬರೆಯುವವರಿಗೂ ಇದೇ ನಿಯಮ. ಅಲ್ಲಿ ಹತ್ತಾರು ಬಣ್ಣಗಳು ಬೆರಳ ತುದಿಯಲ್ಲೇ ಇರುತ್ತವೆ. ಬೇಕಾದ ಮೂರನ್ನು ಮಾತ್ರ ಇಟ್ಟುಕೊಳ್ಳಿ. ಟೈಪ್ ಮಾಡುವವರು ಕೆಂಪು ಸಾಲಿನ ಮುಂದೆ 'ಮರೆತದ್ದು' ಅಂತ ಒಂದು ಪದವನ್ನೂ ಸೇರಿಸಿದರೆ, ಆಮೇಲೆ ಆ ಪದ ಹುಡುಕಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ತೆಗೆಯಬಹುದು.