ದಿಂಬನ್ನು ಯಾಕೆ ಬಿಟ್ಟಿರಿ?

ನಾನು ಪಾಠ ಮಾಡುವ ಜಾನಪದ ಸರ್ಟಿಫಿಕೇಟ್ ತರಗತಿಯ ಮೊದಲ ದಿನ ಒಂದೇ ಬೆಂಚಿನಲ್ಲಿ 22ರ ಹುಡುಗಿಯೂ 67ರ ಹಿರಿಯರೂ ಕೂತಿರುತ್ತಾರೆ. ನಿವೃತ್ತರು, ಶಾಲೆ ಮೇಷ್ಟ್ರು, ನರ್ಸ್‌ಗಳು, ನಾಟಕದವರು, ಹಾಡುವವರು. ಎಂ.ಎ.ಗೆ ಬರುವವರಿಗೆ ಮುಂದೆ ಪಿಎಚ್.ಡಿ., ಪಾಠದ ಕೆಲಸ ಅಂತ ಒಂದು ಲೆಕ್ಕ ಇರುತ್ತೆ. ಇವರಿಗೆ ಆ ಲೆಕ್ಕ ಇಲ್ಲ. ಮನೆಯಲ್ಲಿ ಒಂದು ಹಳೇ ಕ್ಯಾಸೆಟ್ ಇರುತ್ತೆ, ಇಲ್ಲವೇ ಅಮ್ಮ ಹೇಳುತ್ತಿದ್ದ ಗಾದೆಗಳ ನೋಟ್‌ಬುಕ್. ಅದನ್ನು ಏನು ಮಾಡೋದು ಅಂತ ಬಂದಿರುತ್ತಾರೆ.

ಇದರಿಂದ ಕೆಲಸ ಸಿಗುತ್ತಾ? ಇದೊಂದನ್ನೇ ನಂಬಿ ಬರಬೇಡಿ ಅಂತ ನೇರವಾಗಿ ಹೇಳುತ್ತೇನೆ. ಈಗಾಗಲೇ ಪಾಠ, ರೇಡಿಯೊ, ಅನುವಾದ ಅಂತ ಏನಾದರೂ ಮಾಡುತ್ತಿದ್ದರೆ ಅದಕ್ಕೆ ಬಲ ಬರುತ್ತೆ.

ಸಿದ್ಧಾಂತ ಸ್ವಲ್ಪವೇ. ಜಾನಪದಕ್ಕೆ ಇಂಗ್ಲಿಷಿನಲ್ಲಿರುವ ‘ಫೋಕ್‌ಲೋರ್’ ಎಂಬ ಪದವನ್ನು 1846ರಲ್ಲಿ ಇಂಗ್ಲೆಂಡಿನ ವಿಲಿಯಂ ಥಾಮ್ಸ್ ಬಳಕೆಗೆ ತಂದದ್ದು, ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯದ ಮಾಯಾಕಥೆಗಳನ್ನು ಬಿಡಿಸಿ, ಕಥೆಯನ್ನು ಮುಂದಕ್ಕೆ ನಡೆಸುವ 31 ಕ್ರಿಯೆಗಳನ್ನು ತೋರಿಸಿದ್ದು, ಇಷ್ಟನ್ನು ಬೇಗ ದಾಟುತ್ತೇವೆ. ತಕರಾರು ಏಳುವುದು ಬೇರೆ ಬೇರೆ ಕಡೆಯ ಒಂದೇ ಬಗೆಯ ಕಥೆಗಳಿಗೆ ಒಂದೇ ನಂಬರ್ ಕೊಡುವ ಪಾಠದಲ್ಲಿ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಶುರುಮಾಡಿದ ಈ ಪಟ್ಟಿಯನ್ನು ಅಮೆರಿಕದ ಸ್ಟಿತ್ ಥಾಮ್ಸನ್ ಬೆಳೆಸಿದರು, 2004ರಲ್ಲಿ ಜರ್ಮನಿಯ ಹಾನ್ಸ್-ಯೋರ್ಗ್ ಊಟರ್ ತಿದ್ದಿದರು. ಮಲತಾಯಿ, ಕಳೆದುಹೋದ ಚಪ್ಪಲಿ, ರಾಜಕುಮಾರ ಬಂದರೆ ನಂಬರ್ 510ಎ, ಅಂದರೆ ಸಿಂಡ್ರೆಲಾ ಕಥೆ.

“ಇಲ್ಲ ಮೇಡಂ, ಇದು ನಮ್ಮಜ್ಜಿಯೇ ಕಟ್ಟಿದ್ದು” ಅಂದರು ಅಂಥದೊಂದು ಕಥೆ ತಂದಿದ್ದ ಒಬ್ಬರು. ಚೀನಾದಲ್ಲಿ 9ನೇ ಶತಮಾನದಲ್ಲೇ ಇಂಥ ಕಥೆ ಬರೆದಿಟ್ಟಿದ್ದಾರೆ ಅಂದಾಗ ಅವರ ಮುಖ ಸಣ್ಣದಾಯಿತು. ಮತ್ತೆ ಹೇಳಿಸಿದೆ. ಅಜ್ಜಿಯ ಕಥೆಯಲ್ಲಿ ಚಪ್ಪಲಿ ಮಲತಂಗಿಗೂ ಸರಿಹೋಗುತ್ತೆ! ಹುಡುಗಿ ಪತ್ತೆಯಾಗುವುದು ಅಂಗೈಯ ಸುಟ್ಟ ಕಲೆಯಿಂದ. ಅದು ಪಟ್ಟಿಯಲ್ಲಿಲ್ಲ, ಅದು ಅಜ್ಜಿಯದೇ ಅಲ್ವಾ?

ಕೋರ್ಸಿನ ಜೀವ ಇರುವುದು ಕ್ಷೇತ್ರಕಾರ್ಯದಲ್ಲಿ, ಅಂದರೆ ಹೇಳುವವರ, ಹಾಡುವವರ ಹತ್ತಿರವೇ ಹೋಗಿ ಸಂಗ್ರಹಿಸುವುದರಲ್ಲಿ. ದೊಡ್ಡ ಪ್ರಬಂಧ ಬೇಡ, ಚಿಕ್ಕ ಸಂಗ್ರಹ ಸಾಕು. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಬೇಕು. ಯಾರು ಹೇಳಿದರು, ಯಾರಿಂದ ಕಲಿತರು, ಆಗ ಸುತ್ತ ಯಾರಿದ್ದರು, ಎಲ್ಲ ಬರೆದಿಡಬೇಕು. ಆಮೇಲೆ ಕೇಳಿ ಕೇಳಿ ಬರೆಯುವ ಕೆಲಸ. ಒಂದು ಗಂಟೆಯ ರೆಕಾರ್ಡಿಂಗಿಗೆ ಐದಾರು ಗಂಟೆ ಹಿಡಿಯುತ್ತೆ. ಸುಮ್ನೆ ಹಾಡು ಕೇಳೋಣ ಅಂತ ಬಂದವರು ಇಲ್ಲಿ ಸುಸ್ತಾಗುತ್ತಾರೆ. ಕೆಲವರು ಬಿಟ್ಟೂ ಹೋಗುತ್ತಾರೆ.

ಮಕ್ಕಳ ವಾರ್ಡಿನ ನರ್ಸೊಬ್ಬರು ಏಳು ನಿಮಿಷದ ಲಾಲಿ ಹಾಡು ತಂದಿದ್ದರು. ಕಾಗದದ ಮೇಲೆ ಹನ್ನೆರಡು ಸಾಲು, ಒಂದು ಕಾಟೂ ಇಲ್ಲ. ರೆಕಾರ್ಡಿಂಗ್ ಹಾಕಿದೆವು. ನಾಲ್ಕನೇ ನಿಮಿಷಕ್ಕೆ ಹಾಡು ನಿಂತಿತು. “ಶ್, ಮಲಗ್ತು” ಅಂತ ಮುದುಕಿಯ ದನಿ. ಆಮೇಲೆ ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

“ಮಗು ಇತ್ತಾ ಅಲ್ಲಿ?”

“ಇಲ್ಲ ಮೇಡಂ. ಮಗು ಇಲ್ಲದೆ ಹಾಡು ನೆನಪಾಗಲ್ಲ ಅಂತ ದಿಂಬು ಮಡಿಲಲ್ಲಿಟ್ಕೊಂಡು ತಟ್ತಾ ಇದ್ರು. ಹಾಡಿಗೆ ಸೇರಿದ್ದಲ್ಲ ಅಂತ ಬಿಟ್ಟೆ.”

ಕಾಗದ ವಾಪಸ್ ಕೊಟ್ಟೆ. ಮುಂದಿನ ವಾರ ನಾಲ್ಕು ಪುಟ ಬರೆದು ತಂದರು. ಮೊದಲ ಸಾಲಿನಲ್ಲೇ ದಿಂಬಿತ್ತು.